ಬೂತುಗನ ಗೆಲುವಿಗೆ ಒಂದು ನಾಯಿಯ ಕಲ್ಲು ಸಾಕ್ಷಿ

ಸತ್ತ ನಾಯಿಯ ಚಿತ್ರ ಬರೆಸುವುದು ಬೆಂಗಳೂರಿನ ಸುತ್ತಮುತ್ತ ಈಗ ಹೊಸ ವಿಷಯವೇನಲ್ಲ. ಫೋನಿನಲ್ಲಿರುವ ನಾಲ್ಕು ಫೋಟೊ ಕಳಿಸಿ, ಒಂದಿಷ್ಟು ಮುಂಗಡ ಹಾಕಿ, ಕಿವಿ ಹೀಗಿತ್ತು, ಹಣೆ ಮೇಲೆ ಬಿಳಿ ಮಚ್ಚೆ ಇತ್ತು ಅಂತ ಕಲಾವಿದರಿಗೆ ಹೇಳಿದರೆ ಆಯಿತು. ಕೆಲವು ವಾರಗಳಲ್ಲಿ ಚೌಕಟ್ಟು ಹಾಕಿದ ಚಿತ್ರ ಮನೆಗೆ ಬರುತ್ತದೆ. ಇದೆಲ್ಲ ದುಡ್ಡಿದ್ದವರ ಶೋಕಿ, ಹೊರಗಿನಿಂದ ಬಂದ ಚಾಳಿ ಅಂತ ಗೊಣಗುವವರೂ ಇದ್ದಾರೆ.

ಹೊರಗಿನಿಂದ ಬಂದದ್ದು ಅನ್ನುವ ಮಾತು ಮಾತ್ರ ನಿಲ್ಲುವುದಿಲ್ಲ. ಕನ್ನಡ ನಾಡಿನಲ್ಲಿ ಒಬ್ಬ ಮನುಷ್ಯ ತನ್ನ ನಾಯಿಯ ಚಿತ್ರವನ್ನು ಕಲ್ಲಿನಲ್ಲಿ ಕೆತ್ತಿಸಿ, ಅದರ ಹೆಸರು ಬರೆಸಿ, ಅದು ಸತ್ತ ಬಗೆಯನ್ನೂ ಬರೆಸಿ ಸಾವಿರ ವರ್ಷ ದಾಟಿದೆ. ಕಲ್ಲಿನ ಮೇಲಿರುವುದು ಶಕವರ್ಷ 872, ಸೌಮ್ಯ ಸಂವತ್ಸರ, ಅಂದರೆ ಕ್ರಿ.ಶ. 949-50. ಊರು ಇವತ್ತಿನ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರು. ನಾಯಿಯ ಹೆಸರು ಕಾಳಿ. ಅದನ್ನು ಕೆತ್ತಿಸಿದವನು ಮಣಲೆರ.

ಈ ಬರಹ ಮಣಲೆರನ ಒಡೆಯನ ಬಗ್ಗೆ. ಗಂಗ ದೊರೆ ಇಮ್ಮಡಿ ಬೂತುಗ ತನ್ನ ಕಾಲದ ದೊಡ್ಡ ಆಟಗಾರ. ಅಣ್ಣನನ್ನು ಕೊಂದು ಗದ್ದುಗೆ ಏರಿದವನು, ರಾಷ್ಟ್ರಕೂಟರ ಅಳಿಯ, ಚೋಳ ಯುವರಾಜನನ್ನು ಯುದ್ಧದಲ್ಲಿ ಮುಗಿಸಿದವನು. ಅಂಥವನ ಜೀವನದ ಅತಿ ದೊಡ್ಡ ದಿನ ಹೇಗೆ ನಡೆಯಿತು ಅಂತ ತಿಳಿಯಲು ಇತಿಹಾಸಕಾರರು ಹೋಗಬೇಕಾಗಿರುವುದು ಅವನ ಸೇವಕ ನಾಯಿಗಾಗಿ ನಿಲ್ಲಿಸಿದ ಕಲ್ಲಿನ ಹತ್ತಿರ.

ಗಂಗವಾಡಿಯ ಕಿರಿಮಗ

ದೊಡ್ಡಬಳ್ಳಾಪುರದ ಪಕ್ಕದ ಬಾಶೆಟ್ಟಿಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಮುಗಿಸಿ ಬಸ್ಸಿಗೆ ಕಾಯುವವರಿಗೆ ಗಂಗರು ಬಹಳ ದೂರದವರು ಅನಿಸಬಹುದು. ಆದರೆ ಈ ಸೀಮೆಯೆಲ್ಲ ಅವರ ಗಂಗವಾಡಿ ತೊಂಬತ್ತಾರು ಸಾಸಿರದ ಒಳಗೇ ಇತ್ತು. ರಾಜಧಾನಿ ತಲಕಾಡು ಅಂತ ಶಾಲೆಯಲ್ಲಿ ಓದುತ್ತೇವೆ. ಪಕ್ಕದ ನೆಲಮಂಗಲ ತಾಲ್ಲೂಕಿನ ಮಣ್ಣೆ, ಶಾಸನಗಳ ಮಾನ್ಯಪುರ, ಎಂಟನೇ ಶತಮಾನದಲ್ಲಿ ಶ್ರೀಪುರುಷನ ಕಾಲಕ್ಕೆ ಗಂಗರ ಬೀಡಾಗಿತ್ತು. ಈಗ ಅದು ಹಳ್ಳಿ.

ಬೂತುಗನ ಅಪ್ಪ ಎರೆಯಪ್ಪ. ಅವನ ಕಾಲದ ಒಂದು ಪ್ರಸಿದ್ಧ ವೀರಗಲ್ಲು ಬೆಂಗಳೂರಿನ ಬೇಗೂರಿನಲ್ಲಿ ಸಿಕ್ಕಿತು. ನಾಗತ್ತರ ಎಂಬ ನಾಯಕ ಎರೆಯಪ್ಪನ ಸೈನ್ಯದ ಜೊತೆ ಹೋಗಿ ಸತ್ತದ್ದನ್ನು ಹೇಳುವ ಆ ಕಲ್ಲಿನ ತುಂಬ ಆನೆ, ಕುದುರೆ, ಬಿದ್ದ ಹೆಣಗಳು. ಸತ್ತ ನಾಯಕನ ಹೆಸರು, ಬಿರುದು, ಬೇಗೂರಿನ ಆಡಳಿತ ಮುಂದೆ ಯಾರಿಗೆ ಹೋಯಿತು ಅನ್ನುವುದೂ ಅದರಲ್ಲಿದೆ. ಕಾದಿ ಸತ್ತವರಿಗೆ ಕಲ್ಲು, ಉಳಿದವರಿಗೆ ಭೂಮಿ ಅನ್ನುವುದು ಆ ಕಾಲದ ಲೆಕ್ಕ. ಬೂತುಗ ಬೆಳೆದದ್ದು ಆ ಲೆಕ್ಕದೊಳಗೇ.

ಗಂಗರಿಗೂ ಮಾನ್ಯಖೇಟದ ರಾಷ್ಟ್ರಕೂಟರಿಗೂ ಹಳೆಯ ಜಗಳ, ಹಳೆಯ ನೆಂಟಸ್ತಿಕೆ, ಎರಡೂ ಇದ್ದವು. ಬೂತುಗನ ಅಜ್ಜ, ಅವನ ಹೆಸರೂ ಬೂತುಗನೇ, ಅಮೋಘವರ್ಷ ನೃಪತುಂಗನ ಮಗಳನ್ನು ಮದುವೆಯಾಗಿದ್ದ. ಮೊಮ್ಮಗನೂ ಅದೇ ದಾರಿ ಹಿಡಿದ. ರಾಷ್ಟ್ರಕೂಟ ಬದ್ದೆಗನ, ಅಂದರೆ ಮುಮ್ಮಡಿ ಅಮೋಘವರ್ಷನ ಮಗಳು ರೇವಕನಿಮ್ಮಡಿಯನ್ನು ಮದುವೆಯಾದ. 975ರ ಒಂದು ಶಾಸನದ ಪ್ರಕಾರ ಬಳುವಳಿಯಾಗಿ ಬಂದದ್ದು ಪುಲಿಗೆರೆ ಮುನ್ನೂರು, ಬೆಳ್ವೊಲ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆ ಎಪ್ಪತ್ತು. ಇವತ್ತಿನ ನಕ್ಷೆಯಲ್ಲಿ ಲಕ್ಷ್ಮೇಶ್ವರ, ಗದಗ, ಪಟ್ಟದಕಲ್ಲು, ಬಾಗಲಕೋಟೆಯ ಸೀಮೆ. ದಕ್ಷಿಣದ ಗಂಗರ ಮನೆಯ ಕಿರಿಮಗನಿಗೆ ಮಲಪ್ರಭೆಯ ದಡದಲ್ಲಿ ಜಮೀನು.

ಗದ್ದುಗೆ ಮಾತ್ರ ಅಣ್ಣ ರಾಚಮಲ್ಲನ ಕೈಯಲ್ಲಿತ್ತು. ಸುಮಾರು 938ರ ಹೊತ್ತಿಗೆ ರಾಷ್ಟ್ರಕೂಟರ ಬೆಂಬಲದಿಂದ ಬೂತುಗ ಅಣ್ಣನನ್ನು ಕೊಂದು ತಾನೇ ದೊರೆಯಾದ. ರೇವಕನಿಮ್ಮಡಿಯ ತಮ್ಮ ಮುಮ್ಮಡಿ ಕೃಷ್ಣ, ಕನ್ನಡಿಗರ ಬಾಯಲ್ಲಿ ಕನ್ನರದೇವ, 939ರಲ್ಲಿ ಮಾನ್ಯಖೇಟದ ಪಟ್ಟಕ್ಕೆ ಬಂದ. ಬದ್ದೆಗ ಸತ್ತಾಗ ಆನೆ, ಕುದುರೆ, ಬೆಳ್ಗೊಡೆ, ಸಿಂಹಾಸನ ಎಲ್ಲವನ್ನೂ ಲಲ್ಲೆಯ ಎಂಬವನ ಕೈಯಿಂದ ಕಿತ್ತು ಕೃಷ್ಣನಿಗೆ ಒಪ್ಪಿಸಿದವನು ಬೂತುಗನೇ ಅಂತ ಗಂಗರ ಶಾಸನ ಹೇಳುತ್ತದೆ. ನೀನು ನನ್ನನ್ನು ಕೂರಿಸು, ನಾನು ನಿನ್ನನ್ನು ಕೂರಿಸುತ್ತೇನೆ. ಇಂಥ ಮೈತ್ರಿ ನಮಗೇನು ಹೊಸದಲ್ಲ ಬಿಡಿ.

ಗಮನಿಸಬೇಕಾದದ್ದು ಈ ಕೊಲೆಯನ್ನು ಯಾರು ಹೇಗೆ ಬರೆಸಿದರು ಅನ್ನುವುದು. ರಾಷ್ಟ್ರಕೂಟರ 940ರ ದೇವಳಿ ತಾಮ್ರಪಟ ಸಂಸ್ಕೃತದಲ್ಲಿದೆ. ಅದರಲ್ಲಿ ಕೃಷ್ಣ ಒಬ್ಬ ತೋಟಗಾರ. ಗಂಗವಾಡಿ ಎಂಬ ತೋಟದಿಂದ ರಾಚಮಲ್ಲ ಎಂಬ ವಿಷದ ಮರ ಕಿತ್ತು ಬೂತಾರ್ಯ ಎಂಬ ಒಳ್ಳೆಯ ಮರ ನೆಟ್ಟವನು. ರಕ್ತದ ಸುಳಿವೇ ಇಲ್ಲ. ಹತ್ತು ವರ್ಷದ ನಂತರದ ಆತಕೂರಿನ ನಾಯಿಗಲ್ಲು ಕನ್ನಡದಲ್ಲಿದೆ. ಎರೆಯಪ್ಪನ ಮಗ ರಾಚಮಲ್ಲನನ್ನು ಬೂತುಗ ಕಾದಿ ಕೊಂದು ತೊಂಬತ್ತಾರು ಸಾಸಿರವನ್ನು ಆಳುತ್ತಿದ್ದ ಅಂತ ಅದು ನೇರವಾಗಿ ಹೇಳಿಬಿಡುತ್ತದೆ. ಬೂತುಗನ ಬಿರುದುಗಳಲ್ಲಿ ಒಂದು ನನ್ನಿಯ ಗಂಗ. ನನ್ನಿ ಅಂದರೆ ಸತ್ಯ. ಅವನ ಬಗ್ಗೆ ನನ್ನಿಯನ್ನು ನುಡಿದದ್ದು ಈ ಕಲ್ಲು.

ತಕ್ಕೋಲದ ಅಂಬಾರಿ

949ರಲ್ಲಿ ಕೃಷ್ಣ ಚೋಳರ ಮೇಲೆ ದಂಡೆತ್ತಿ ಹೋದ. ಎದುರಿಗೆ ಬಂದವನು ಮೊದಲನೇ ಪರಾಂತಕನ ಮಗ ರಾಜಾದಿತ್ಯ. ಈಗಿನ ತಮಿಳುನಾಡಿನ ಅರಕ್ಕೋಣಂ ಹತ್ತಿರದ ತಕ್ಕೋಲದಲ್ಲಿ ಎರಡೂ ಸೈನ್ಯ ಸೇರಿದವು. ರಾಜಾದಿತ್ಯ ಆನೆಯ ಮೇಲೇ ಸತ್ತ. ಚೋಳರು ಮುಂದೆ ಅವನನ್ನು ಆನೆಯ ಮೇಲೆ ಮಡಿದ ದೇವರು ಅಂತಲೇ ಕರೆದರು. ಪರಾಂತಕ ಕಟ್ಟಿದ್ದ ಚೋಳ ರಾಜ್ಯ ಆ ಪೆಟ್ಟಿನಿಂದ ಚೇತರಿಸಿಕೊಳ್ಳಲು ದಶಕಗಳೇ ಬೇಕಾದವು. ಕೃಷ್ಣ ಕಂಚಿ, ತಂಜಾವೂರು ಗೆದ್ದವನೆಂಬ ಬಿರುದು ಹೊತ್ತ.

ಕೊಂದವರು ಯಾರು? ಚೋಳರ ತಾಮ್ರಪಟ ಕೃಷ್ಣನ ಬಾಣದತ್ತ ಬೆರಳು ತೋರಿಸುತ್ತದೆ. ಆತಕೂರಿನ ಕಲ್ಲು ಬೂತುಗನ ಸುರಗಿ, ಅಂದರೆ ಚೂರಿಯ ಹೆಸರು ಹೇಳುತ್ತದೆ. ಇಲ್ಲೊಂದು ಅಕ್ಷರದ ಜಗಳವೂ ಇದೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ಈ ಶಾಸನವನ್ನು ಸಂಪಾದಿಸಿದ ಫ್ಲೀಟ್ ಮೊದಲು ಆ ಪದದಲ್ಲಿ ಕಳ್ಳತನ ಕಂಡರು. ಬೂತುಗ ಮೋಸದಿಂದ ಇರಿದ ಅನ್ನುವ ಅರ್ಥ ಬಂತು. ಆಮೇಲೆ ಅದು ಕಳ್ಳ ಅಲ್ಲ, ಕಳ, ಅಂದರೆ ರಣರಂಗ ಅನ್ನುವ ಓದು ನಿಂತಿತು. ಬಿಸುಗೆ ಎಂದರೆ ಅಂಬಾರಿ. ಅಂಬಾರಿಯನ್ನೇ ಕಳ ಮಾಡಿಕೊಂಡು, ಎದುರಾಳಿಯ ಆನೆ ಮೇಲೆಯೇ ಕಾದಿ ಕೊಂದ ಅನ್ನುವುದು ಈಗ ಒಪ್ಪಿರುವ ಅರ್ಥ. ಒಂದು ಒತ್ತಕ್ಷರ ಇದೆಯೋ ಇಲ್ಲವೋ ಅನ್ನುವುದರ ಮೇಲೆ ಒಬ್ಬ ದೊರೆ ಹಂತಕನೂ ಆಗುತ್ತಾನೆ, ವೀರನೂ ಆಗುತ್ತಾನೆ.

ಗೆಲುವಿನ ಮೇಲೆ ಹಂಚಿಕೆ. ಕೃಷ್ಣ ಮೆಚ್ಚಿ ಬೂತುಗನಿಗೆ ಕೊಟ್ಟದ್ದು ಬನವಾಸಿ ಹನ್ನೆರಡು ಸಾಸಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತು. ಪಟ್ಟಿ ನೋಡಿದರೆ ಹೊಸದು ಬನವಾಸಿ ಒಂದೇ. ಉಳಿದ ನಾಲ್ಕು ಆಗಲೇ ಮದುವೆಯ ಬಳುವಳಿಯಾಗಿ ಬಂದಿದ್ದವು. ಕೊಟ್ಟದ್ದನ್ನೇ ಮತ್ತೊಮ್ಮೆ ಕೊಟ್ಟು ಹೆಸರು ಪಡೆಯುವ ಕಲೆಯೂ ಹಳೆಯದೇ.

ಬೂತುಗ ತನ್ನ ಪಾಲಿನಿಂದ ಕೆಳಗೆ ಹಂಚಿದ. ತನ್ನ ಮುಂದೆ ನಿಂತು ಕಾದಿದ ಸಗರ ವಂಶದ ಮಣಲೆರನಿಗೆ ಆತಕೂರು ಹನ್ನೆರಡನ್ನೂ ಬೆಳ್ವೊಲದ ಕಾಡಿಯೂರನ್ನೂ ಬಾಳ್ಗಚ್ಚಾಗಿ ಕೊಟ್ಟ. ಬಾಳ್ ಎಂದರೆ ಕತ್ತಿ, ಕಚ್ಚು ಎಂದರೆ ತೊಳೆಯುವುದು. ರಕ್ತದ ಕತ್ತಿ ತೊಳೆದ ಗೌರವಕ್ಕೆ ಕೊಡುವ ಭೂಮಿ. ಎಷ್ಟೋ ಊರುಗಳು ಹೀಗೆ ಒಬ್ಬರ ಕತ್ತಿ ತೊಳೆದ ನೀರಿನಲ್ಲಿ ಕೈ ಬದಲಾಯಿಸಿದವು. ಆ ಊರಿನ ಒಕ್ಕಲುಗಳನ್ನು ಯಾರೂ ಕೇಳಿರಲಿಕ್ಕಿಲ್ಲ.

ಮಣಲೆರ ಕೇಳಿದ ಇನಾಮು

ಇಷ್ಟೇ ಆಗಿದ್ದರೆ ಇದು ಇನ್ನೊಂದು ದಾನಶಾಸನ. ಆದರೆ ಮೆಚ್ಚಿದ ಅರಸ ಏನು ಬೇಕೋ ಕೇಳಿಕೋ ಅಂದಾಗ ಮಣಲೆರ ಕೇಳಿದ್ದು ಒಂದು ಬೇಟೆನಾಯಿ. ಕಾಳಿಯನ್ನು ಕೊಡಿ ಅಂದ. ಸಾವಿರ ಊರುಗಳ ಲೆಕ್ಕದಲ್ಲಿ ಮಾತು ನಡೆಯುತ್ತಿದ್ದ ಹೊತ್ತಿನಲ್ಲಿ ಒಬ್ಬ ಯೋಧನ ಕಣ್ಣು ಒಂದು ನಾಯಿಯ ಮೇಲಿತ್ತು. ಮೆಚ್ಚುಗೊಡುವುದು ಆ ಕಾಲದ ರಾಜಕೀಯದ ಗಂಭೀರ ಭಾಗ. ಹಾಗಾಗಿ ಇದನ್ನು ತಮಾಷೆ ಅಂತ ಯಾರೂ ತಿಳಿದಿರಲಿಕ್ಕಿಲ್ಲ. ತಿಳಿದಿದ್ದರೆ ಕಲ್ಲಿನಲ್ಲಿ ಬರೆಸುತ್ತಿರಲಿಲ್ಲ.

ಕಾಳಿಯ ಕೊನೆ ಹೀಗಾಯಿತು. ಕೆಳಲೆ ನಾಡಿನ ಬೆಳತೂರಿನ ಪಡುವಣ ದಿಕ್ಕಿನ ಮೊರಡಿಯಲ್ಲಿ ದೊಡ್ಡ ಹಂದಿಯೊಂದರ ಮೇಲೆ ಅದನ್ನು ಬಿಟ್ಟರು. ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಅದಕ್ಕಾಗಿ ಆತಕೂರಿನ ಚಲ್ಲೇಶ್ವರ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿದರು. ಕಲ್ಲಿನ ಮೇಲೆ ಕೆತ್ತಿದ ಚಿತ್ರದಲ್ಲಿ ಕಾಣುವುದು ನಾಯಿ ಮತ್ತು ಹಂದಿಯ ಕಾದಾಟ. ಮಣಲೆರ ತನ್ನನ್ನು ಪಕ್ಕದಲ್ಲಿ ಕೆತ್ತಿಸಿಕೊಳ್ಳಲಿಲ್ಲ. ಮನುಷ್ಯ ವೀರರ ಕಲ್ಲುಗಳಲ್ಲಿ ಸ್ವರ್ಗಕ್ಕೆ ಒಯ್ಯುವ ಅಪ್ಸರೆಯರು ಬರುವುದುಂಟು. ಇಲ್ಲಿ ಎರಡು ಪ್ರಾಣಿಗಳು ಮತ್ತು ಆ ಒಂದು ಗಳಿಗೆ. ಕೆತ್ತಿದ ಕೈ ಯಾರದು ಅಂತ ಕಲ್ಲು ಹೇಳುವುದಿಲ್ಲ. ಕೆತ್ತಿಸಿದವರಿಗೆ ಹೆಸರು, ಕೆತ್ತಿದವರಿಗೆ ಇಲ್ಲ.

ಶಾಸನ ಓದುವ ಕ್ರಮವನ್ನು ನೋಡಿ. ಕಾಳಿಯ ಸಾವು, ಕಲ್ಲು, ದತ್ತಿ ಎಲ್ಲ ಮುಗಿದ ಮೇಲೆ ಬೂತುಗನ ಸಂಗತಿ ಬರುತ್ತದೆ. ಅಣ್ಣನ ಕೊಲೆ, ರಾಜಾದಿತ್ಯನ ಕೊಲೆ, ಐದು ಸೀಮೆಗಳ ಇನಾಮು, ಬಾಳ್ಗಚ್ಚು ಎಲ್ಲವೂ ನಾಯಿಯ ಕತೆಗೆ ಸೇರಿಸಿದ ಟಿಪ್ಪಣಿಯ ಹಾಗಿದೆ. ಈ ಕಲ್ಲು ಇಲ್ಲದಿದ್ದರೆ ತಕ್ಕೋಲದ ಅಂಬಾರಿಯ ಮೇಲಿನ ಕಾಳಗ ನಮಗೆ ಹೀಗೆ ತಿಳಿಯುತ್ತಿರಲಿಲ್ಲ. ದೊರೆಯ ಜೀವನಚರಿತ್ರೆ ಉಳಿದದ್ದು ಅವನ ಸೇವಕನ ದುಃಖದ ಬೆನ್ನೇರಿ.

ಕಲ್ಲನ್ನು ನೋಡಿಕೊಳ್ಳುವವರು ಯಾರು?

ಶಾಸನದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಯುದ್ಧದ ಭಾಗವಲ್ಲ, ದತ್ತಿಯ ಭಾಗ. ಕಲ್ಲು ನಿಲ್ಲಿಸಿ ಕೈತೊಳೆದುಕೊಳ್ಳಲಿಲ್ಲ ಅವರು. ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗ ಬಿತ್ತುವಷ್ಟು ನೆಲವನ್ನು ಅದಕ್ಕಾಗಿ ಬಿಟ್ಟರು. ಕೆರೆ ಕೆಳಗಿನ ನೆಲ ಅಂದರೆ ನೀರು ಹಾಯುವ, ಬೆಳೆ ಗ್ಯಾರಂಟಿ ಇರುವ ನೆಲ. ದೇವಸ್ಥಾನ ನೋಡಿಕೊಳ್ಳುವ ಗೊರವ ದಿನಾ ಈ ಕಲ್ಲಿಗೆ ಪೂಜೆ ಮಾಡಿಯೇ ಊಟ ಮಾಡಬೇಕು. ತಪ್ಪಿದರೆ ನಾಯಿ ಮಾಡಿದ ಪಾಪವೆಲ್ಲ ಅವನ ತಲೆಗೆ.

ಶಾಪ ಅವನಿಗೆ ಮಾತ್ರವಲ್ಲ. ಆ ನೆಲವನ್ನು ಹಾಳು ಮಾಡಿದವನು ಒಕ್ಕಲಾಗಿರಲಿ, ನಾಡನ್ನು ಆಳುವವನಾಗಿರಲಿ, ಊರನ್ನು ಆಳುವವನಾಗಿರಲಿ, ನಾಯಿಯ ಪಾಪ ಅವನಿಗೆ ಸುತ್ತಿಕೊಳ್ಳುತ್ತದೆ. ಎಂಜಿನಿಯರಿಂಗ್ ಓದಿದವರ ಭಾಷೆಯಲ್ಲಿ ಇದು ಪಕ್ಕಾ ಮೇಂಟೆನೆನ್ಸ್ ಕಾಂಟ್ರಾಕ್ಟ್. ದುಡ್ಡು ಎಲ್ಲಿಂದ, ಕೆಲಸ ಯಾರದು, ತಪ್ಪಿದರೆ ದಂಡ ಏನು, ಯಾರು ಯಾರಿಗೆ ಅನ್ವಯ, ಎಲ್ಲ ಇದೆ.

ಆ ಶಾಪದೊಳಗೆ ಇನ್ನೊಂದು ಸೂಕ್ಷ್ಮವಿದೆ. ಕಾಳಿ ಪಾಪ ಮಾಡಿತ್ತು ಅಂತ ಅದು ಒಪ್ಪಿಕೊಳ್ಳುತ್ತದೆ. ಬೇಟೆನಾಯಿ ಕೊಲ್ಲುತ್ತಿತ್ತು, ಮನುಷ್ಯರು ಛೂ ಬಿಟ್ಟಾಗ ಕೊಲ್ಲುತ್ತಿತ್ತು. ಪ್ರೀತಿಸಿದವರು ಅದನ್ನು ಮುದ್ದುಗೊಂಬೆ ಮಾಡಲಿಲ್ಲ, ದೇವರನ್ನೂ ಮಾಡಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಕೆತ್ತಿಸಿ, ಜವಾಬ್ದಾರಿಯನ್ನು ಹೆಸರಿಟ್ಟು ಹಂಚಿದರು.

ಇದನ್ನು ಇವತ್ತಿನ ಬೀದಿನಾಯಿ ಜಗಳದ ಪಕ್ಕ ಇಟ್ಟು ನೋಡಿ. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ದೆಹಲಿ ಸುತ್ತಲಿನ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯಕೇಂದ್ರಕ್ಕೆ ಹಾಕಿ ಅಂದಿತು. ಆಗಸ್ಟ್ 22ರಂದು ದೊಡ್ಡ ಪೀಠ ಅದನ್ನು ಬದಲಿಸಿ, ಸಂತಾನಹರಣ ಮಾಡಿ ಲಸಿಕೆ ಹಾಕಿ ಇದ್ದ ಜಾಗಕ್ಕೇ ಬಿಡಿ, ರೇಬಿಸ್ ಇರುವ, ಮೈಮೇಲೆ ಬೀಳುವ ನಾಯಿಗಳನ್ನು ಮಾತ್ರ ಬಿಡಬೇಡಿ ಅಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದಂಥ ಜಾಗಗಳಿಂದ ತೆಗೆಯಿರಿ ಅಂತ ಮತ್ತೊಂದು ಆದೇಶ ಬಂತು. ಪ್ರತಿ ಆದೇಶಕ್ಕೂ ಸೋಶಿಯಲ್ ಮೀಡಿಯಾ ಎರಡು ಹೋಳಾಯಿತು. ಒಂದು ಕಡೆ ನಾಯಿ ದೇವರು, ಇನ್ನೊಂದು ಕಡೆ ನಾಯಿ ರಾಕ್ಷಸ.

ಎರಡೂ ಕಡೆಯವರು ಕೇಳದೆ ಬಿಟ್ಟ ಪ್ರಶ್ನೆ ಆತಕೂರಿನ ಕಲ್ಲಿನಲ್ಲಿದೆ: ನೋಡಿಕೊಳ್ಳುವವರು ಯಾರು, ಯಾವ ದುಡ್ಡಿನಲ್ಲಿ? 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಆ ಕೆಲಸವನ್ನು ಸ್ಥಳೀಯ ಸಂಸ್ಥೆಗಳಿಗೆ ಒಪ್ಪಿಸಿವೆ. ಬೆಂಗಳೂರಿನಂಥ ಮಹಾನಗರಕ್ಕೂ ಅದೇ ನಿಯಮ, ಬಾಶೆಟ್ಟಿಹಳ್ಳಿಯಂಥ ಪಟ್ಟಣ ಪಂಚಾಯಿತಿಗೂ ಅದೇ ನಿಯಮ. ರಾತ್ರಿ ಪಾಳಿ ಮುಗಿಸಿ ಕಾರ್ಖಾನೆಯಿಂದ ನಡೆದು ಬರುವ ಹೆಣ್ಣುಮಗಳ ಭಯವೂ ನಿಜ, ಗೇಟಿನ ಮುಂದೆ ಕಾವಲುಗಾರರ ಊಟ ಹಂಚಿಕೊಂಡು ಬದುಕುವ ನಾಯಿಯ ಜೀವವೂ ನಿಜ. ಈ ಎರಡನ್ನೂ ಕಾಯುವುದು ಲಸಿಕೆ, ಶಸ್ತ್ರಚಿಕಿತ್ಸೆ, ಪಶುವೈದ್ಯರು, ಕಸ ವಿಲೇವಾರಿ ಮತ್ತು ಅದಕ್ಕೆ ಬಜೆಟ್ಟಿನಲ್ಲಿ ಇಟ್ಟ ಸಾಲು. ಎರಡು ಖಂಡುಗ ನೆಲದ ಇವತ್ತಿನ ರೂಪ ಅದು. ಹಾಗಾಗಿ ಮುಂದಿನ ಸಲ ವಾರ್ಡಿನಲ್ಲಿ ಮತ ಕೇಳಲು ಬಂದವರಿಗೆ ನೀವು ನಾಯಿಯ ಪರವೋ ವಿರುದ್ಧವೋ ಅಂತ ಕೇಳುವುದರಲ್ಲಿ ಅರ್ಥವಿಲ್ಲ. ಹೋದ ವರ್ಷ ಎಷ್ಟು ನಾಯಿಗೆ ಲಸಿಕೆ ಹಾಕಿಸಿದಿರಿ, ಅದಕ್ಕೆ ಎಷ್ಟು ದುಡ್ಡು ಇಟ್ಟಿದ್ದಿರಿ ಅಂತ ಕೇಳಬೇಕು.

ಬೂತುಗನ ನಂತರ

ತಕ್ಕೋಲದ ಮೇಲೆ ಬೂತುಗ ಸುಮಾರು ಹತ್ತು ಹನ್ನೆರಡು ವರ್ಷ ಆಳಿದ. ನೆಂಟಸ್ತಿಕೆ ಇನ್ನೂ ಬಿಗಿಯಾಯಿತು. ಅವನ ಮಗ ಮರುಳದೇವ ಕೃಷ್ಣನ ಮಗಳನ್ನೇ ಮದುವೆಯಾದ. ಸುಮಾರು 961ರ ಹೊತ್ತಿಗೆ ಬೂತುಗನ ಆಳ್ವಿಕೆ ಮುಗಿಯಿತು. ಇನ್ನೊಬ್ಬ ಮಗ ಮಾರಸಿಂಹ ಬೀಳುತ್ತಿದ್ದ ರಾಷ್ಟ್ರಕೂಟರನ್ನು ಎತ್ತಿ ನಿಲ್ಲಿಸಲು ಕೊನೆಯವರೆಗೂ ಹೆಣಗಿ, ಬಂಕಾಪುರದಲ್ಲಿ ಸಲ್ಲೇಖನ ವ್ರತ ಹಿಡಿದು ತೀರಿಕೊಂಡ. ಮಾರಸಿಂಹನಿಗೆ ಮಂತ್ರಿಯಾಗಿದ್ದ ಚಾವುಂಡರಾಯ ಮುಂದೆ ಶ್ರವಣಬೆಳಗೊಳದ ಗೊಮ್ಮಟನನ್ನು ಕಡೆಸಿದ. ಹನ್ನೊಂದನೇ ಶತಮಾನದ ಆರಂಭಕ್ಕೆ ಚೋಳರು ತಿರುಗಿ ಬಂದು ತಲಕಾಡನ್ನು ಕಿತ್ತುಕೊಂಡರು. ತಕ್ಕೋಲದ ಗೆಲುವಿನ ಲೆಕ್ಕ ಒಂದು ಶತಮಾನವೂ ನಿಲ್ಲಲಿಲ್ಲ.

ಬೂತುಗ ಅಣ್ಣನ ರಕ್ತದಲ್ಲಿ ಗಳಿಸಿದ ತೊಂಬತ್ತಾರು ಸಾಸಿರ ಹೋಯಿತು. ರಾಜಾದಿತ್ಯನ ರಕ್ತದಲ್ಲಿ ಗಳಿಸಿದ ಬನವಾಸಿ ಹೋಯಿತು. ಬಾಳ್ಗಚ್ಚಿನ ಹಳ್ಳಿಗಳು ಎಷ್ಟೋ ಸಲ ಕೈ ಬದಲಾಯಿಸಿದವು. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ 108 ಅಡಿಯ ಕಂಚಿನ ಕೆಂಪೇಗೌಡ ನಿಂತಿರುವ ಈ ಜಿಲ್ಲೆಯಲ್ಲಿ, ಎತ್ತರ ಇದ್ದಷ್ಟೂ ನೆನಪು ಗಟ್ಟಿ ಅಂತ ನಂಬುವುದು ಸುಲಭ. ಪ್ರತಿ ಸರ್ಕಾರಕ್ಕೂ ಒಂದು ಪ್ರತಿಮೆ, ಪ್ರತಿ ಪಕ್ಷಕ್ಕೂ ಒಬ್ಬ ರಾಜ ಬೇಕು. ಬೂತುಗನಿಗೆ ಯಾರೂ ಪ್ರತಿಮೆ ಕಟ್ಟಿಲ್ಲ. ಕಟ್ಟಲು ಹೊರಟರೆ ಯಾವ ಬೂತುಗನನ್ನು ಕಟ್ಟುತ್ತಾರೆ, ಅಣ್ಣನನ್ನು ಕೊಂದವನನ್ನೋ ಅಂಬಾರಿ ಏರಿದವನನ್ನೋ ಅನ್ನುವ ಪ್ರಶ್ನೆ ಬರುತ್ತದೆ. ನಾಯಿಗಲ್ಲು ಇಬ್ಬರನ್ನೂ ಇಟ್ಟುಕೊಂಡಿದೆ.

ಆ ಕಲ್ಲು ಆತಕೂರಿನಿಂದ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಬಂದಿದೆ. ಬೂತುಗನ ಅಪ್ಪನ ಕಾಲದ ಬೇಗೂರು ವೀರಗಲ್ಲು ಕೂಡ ಅದೇ ಸಂಗ್ರಹದಲ್ಲಿದೆ. ಪೂಜೆ ಮಾಡಿ ಊಟ ಮಾಡಬೇಕಾದ ಗೊರವ ಈಗಿಲ್ಲ. ಅವನ ಜಾಗದಲ್ಲಿ ರಾಜ್ಯ ಸರ್ಕಾರದ ಇಲಾಖೆಯಿದೆ, ಅದಕ್ಕೆ ನಮ್ಮ ತೆರಿಗೆಯ ದುಡ್ಡಿದೆ. ದತ್ತಿಯ ಶರತ್ತು ಈಗ ಅನ್ವಯಿಸುವುದು ನಮಗೆ.